ಹುಂಜ ಕುಕ್ಕಿದ ಗುರುತು

ಸಿದ್ದಯ್ಯ ಆ ದಿನ ಫೋನಿನಲ್ಲಿ ‘ಕಿರಿಮಗಳು ವಾಣಿಗೆ ಅಮ್ಮ ಆಗಿದೆ’ ಎಂದು ನೆಟ್ಟಗೆ ಹೇಳಿದ್ದರೆ ಈ ರಾಮಾಯಣವೇ ನಡೆಯುತ್ತಿರಲಿಲ್ಲ. ಆದರೆ ಸಿದ್ದಯ್ಯ ದೈವಭಕ್ತ. ಮೈಮೇಲೆ ಏಳುವ ನೀರುಗುಳ್ಳೆಯನ್ನು ಸಿಡುಬು ಅನ್ನಬಾರದು, ಅಮ್ಮ ಅನ್ನಬೇಕು. ಬರೀ ಅಮ್ಮ ಅಂದರೂ ಸಾಲದು, ಬಹುವಚನ ಹಚ್ಚಬೇಕು ಎಂಬುದು ಅವನ ನಿಯಮ. ಅಮ್ಮ ಇರುವ ಮನೆಯವರು ಯಾರಿಗೂ ‘ಬರಬೇಡಿ’ ಎನ್ನಬಾರದು, ಹಾಗಂದರೆ ಅದು ಅಮ್ಮನಿಗೇ ಹೇಳಿದಂತಾಗುತ್ತದೆ ಎಂದು ಹೆಂಡತಿ ಶಾಂತಮ್ಮ ಬೇರೆ ಕಟ್ಟಪ್ಪಣೆ ಮಾಡಿದ್ದಳು. ಹಾಗಾಗಿ ಭದ್ರಾವತಿಯ ಕಾಗದನಗರದ ಎಸ್‌ಟಿಡಿ ಬೂತಿನಿಂದ ಶಿವಮೊಗ್ಗದ ಬೀಗರಿಗೆ ಅವನು ಹೇಳಿದ್ದು ಇಷ್ಟೇ:

“ಬೀಗ್ರೇ, ಮನೆಗೆ ಅಮ್ಮ ಬಂದಿದಾರೆ. ಶೀಲಂಗೆ ಒಂದ್ಮಾತು ತಿಳಿಸ್ಬಿಡಿ.”

ಶಿವಮೊಗ್ಗದಲ್ಲಿ, ಎದುರುಮನೆ ಜಂಬಣ್ಣನ ಫೋನು ಕಿವಿಗೆ ಹಿಡಿದು ನಿಂತಿದ್ದವನು ಮಂಜಪ್ಪ, ಶೀಲಾಳ ಮಾವ. ಸರ್ಕಾರಿ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಕಂಡಕ್ಟರಾಗಿದ್ದು ನಿವೃತ್ತನಾದವನು. ಇಂಜಿನ್ ಸದ್ದಿಗೆ ಒಂದು ಕಿವಿ ಸ್ವಲ್ಪ ಮಂದವಾಗಿತ್ತು, ಆದರೆ ಈ ಮಾತು ಅವನಿಗೆ ಸ್ಪಷ್ಟವಾಗಿಯೇ ಕೇಳಿಸಿತು. ಅದೇ ಎಡವಟ್ಟಾಗಿದ್ದು.

ಯಾಕೆಂದರೆ ಶೀಲಾಳ ತವರಿನಲ್ಲಿ ‘ಅಮ್ಮ’ ಎಂದರೆ ಅಜ್ಜಿ ಈಶ್ವರಮ್ಮ. ಸಿದ್ದಯ್ಯ ತನ್ನ ತಾಯಿಯನ್ನು ಅಮ್ಮ ಎನ್ನುವುದನ್ನು ಕೇಳಿ ಮಕ್ಕಳೂ ಅಜ್ಜಿಯನ್ನು ಅಮ್ಮ ಎಂದೇ ಕರೆದವು, ಹೆತ್ತವಳನ್ನು ಅವ್ವ ಎಂದವು. ಈ ಈಶ್ವರಮ್ಮ ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಬ್ಬಳೇ ಇದ್ದಳು. ಎರಡು ವರ್ಷದ ಹಿಂದೆ ಶೀಲಾಳ ಮದುವೆಯ ಬೀಗರೂಟದಲ್ಲಿ ಶಾಂತಮ್ಮ ಖುದ್ದು ಸೌಟು ಹಿಡಿದು ಅತ್ತೆಯ ಎಲೆಗೆ ಕೋಳಿ ಸಾರು ಬಡಿಸಲು ಹೋದಾಗ, ಈಶ್ವರಮ್ಮ ಎಲೆಯ ಮೇಲೆ ಕೈ ಅಡ್ಡ ಹಿಡಿದು “ಬ್ಯಾಡ” ಎಂದಿದ್ದಳು. ಪಕ್ಕದವರು ಬಡಿಸಿದ ಕುರಿ ಮಾಂಸ ಮಾತ್ರ ತಿಂದಿದ್ದಳು. ನಾನೂರು ಜನರ ಎದುರು ಸೊಸೆಯ ಕೈ ಊಟ ಬೇಡ ಅಂದರೆ ಏನರ್ಥ? ಅಂದಿನಿಂದ ಅತ್ತೆ ಸೊಸೆಗೆ ಮಾತಿಲ್ಲ, ಈಶ್ವರಮ್ಮ ಕಾಗದನಗರದ ಕಡೆ ತಲೆ ಹಾಕಿರಲಿಲ್ಲ. ಅಂಥ ಅಮ್ಮ ಬಂದಿದ್ದಾರೆ ಎಂದರೆ!

“ಹೌದಾ! ಯಾವಾಗ ಬಂದ್ರು?” ಎಂದ ಮಂಜಪ್ಪ, ಖುಷಿಯಲ್ಲಿ.

“ನಿನ್ನೆ ಸಂಜೆ ಕಾಣಿಸ್ಕೊಂಡ್ರು.”

“ಎಷ್ಟು ದಿನ ಇರ್ತಾರಂತೆ?”

“ಅದು ಅವರ ಚಿತ್ತ. ಒಂಬತ್ತೋ ಹನ್ನೊಂದೋ ದಿನ ಆಗುತ್ತೆ.”

“ಶಾಂತಮ್ಮೋರು ಏನಂದ್ರು?”

“ಅವಳೇನಂತಾಳೆ, ಬಾಯಿ ಮುಚ್ಕೊಂಡು ಸೇವೆ ಮಾಡ್ತಾ ಇದಾಳೆ. ತಣ್ಣಗೆ ಬಂದು ತಣ್ಣಗೆ ಹೋದ್ರೆ ಸಾಕು ಬೀಗ್ರೇ.”

“ಬಂದಿದ್ದೇ ಪುಣ್ಯ ಅನ್ಕೊಳ್ಳಿ!” ಎಂದು ಮಂಜಪ್ಪ ಫೋನಿಟ್ಟ. ಆ ಕಡೆ ಸಿದ್ದಯ್ಯ, ಬೀಗರಿಗೂ ಎಂಥ ಭಕ್ತಿ ಎಂದು ಕೈ ಮುಗಿದ.

ಇದು ನಡೆದದ್ದು ತೊಂಬತ್ತೊಂಬತ್ತರ ಮಾರ್ಚ್ ತಿಂಗಳ ಮೊದಲ ಶನಿವಾರ. ಆಗ ಶೀಲಾಳಿಗೆ ನಾಲ್ಕು ತಿಂಗಳು. ಚೊಚ್ಚಲು.

ಭಾನುವಾರ ಬೆಳಿಗ್ಗೆ ಮಂಜಪ್ಪ ಸೊಸೆಯನ್ನು ಕರೆದುಕೊಂಡು ಬಸ್ಸು ಹತ್ತಿದ. ಮಗ ಯೋಗರಾಜ್‌ಗೆ ಮಾಚೇನಹಳ್ಳಿಯ ಲೇತ್ ವರ್ಕ್‌ಶಾಪಿನಲ್ಲಿ ಭಾನುವಾರವೂ ಓವರ್‌ಟೈಮು. ಅತ್ತೆ ಶೇಷಮ್ಮ ಹಲ್ಲಿಲ್ಲದ ಈಶ್ವರಮ್ಮನಿಗೆಂದು ಮೆತ್ತಗಿನ ರವೆ ಉಂಡೆ ಕಟ್ಟಿಕೊಟ್ಟಿದ್ದಳು. ಕಾಗದನಗರದ ಸ್ಟಾಪಿನಲ್ಲಿ ಇಳಿದ ಮಂಜಪ್ಪ, ಅಲ್ಲಿ ಡ್ಯೂಟಿ ಮುಗಿಸಿ ನಿಂತಿದ್ದ ಕಂಡಕ್ಟರೊಬ್ಬ ತನ್ನ ಹಳೇ ಶಿಷ್ಯನೆಂದು ಗುರುತಿಸಿ, “ನೀನು ನಡೀತಿರಮ್ಮ, ಎರಡು ನಿಮಿಷ” ಎಂದು ಮಾತಿಗೆ ನಿಂತ. ಶೀಲಾ ಮುಂದೆ ಹೋದಳು.

ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ, ಅದನ್ನು ನೋಡಿದರೆ ಸಾಕು, ತಿಳಿದವರು ಹೊರಗೇ ನಿಲ್ಲುತ್ತಾರೆ. ಶಾಂತಮ್ಮ ಕಟ್ಟಿಯೂ ಇದ್ದಳು. ಪಕ್ಕದ ಕ್ವಾರ್ಟರ್ಸಿನ ಕರಿಯಪ್ಪನ ಆಡು ಬೆಳಿಗ್ಗೆ ಎದ್ದು ಅದನ್ನು ಕಡ್ಡಿ ಸಮೇತ ತಿಂದು ಹೋಗಿತ್ತು. ಬಾಗಿಲಿನಲ್ಲಿ ಉಳಿದಿದ್ದು ಬರೀ ದಾರ.

ಶೀಲಾ ಒಳಗೆ ಬಂದಾಗ ಸಿದ್ದಯ್ಯ ಪೇಪರ್ ಮಿಲ್ಲಿನ ಡ್ಯೂಟಿಗೆ ಹೋಗಿದ್ದ, ಶಾಂತಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೋಣೆಯ ಮಂಚದ ಮೇಲೆ ಯಾರೋ ತಲೆಯವರೆಗೆ ಬಿಳಿ ಪಂಚೆ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

“ಅಮ್ಮಾ, ಅಂತೂ ಬಂದ್ಯಲ್ಲಾ!” ಎಂದು ಶೀಲಾ ಹಿಂದಿನಿಂದ ತಬ್ಬಿಕೊಂಡಳು.

ಪಂಚೆಯೊಳಗಿನಿಂದ ಕೀರಲು ದನಿ ಬಂತು. “ದೂರ ಹೋಗೇ!”

ಅಮ್ಮನ ಸಿಟ್ಟು ಇನ್ನೂ ಇಳಿದಿಲ್ಲ ಎಂದುಕೊಂಡು ಶೀಲಾ ಇನ್ನೂ ಬಿಗಿಯಾಗಿ ತಬ್ಬಿದಳು. ಕೆನ್ನೆಗೆ ಕೆನ್ನೆ ಇಟ್ಟು, “ಹೋಗಲ್ಲ ಕಣಮ್ಮ, ನೀನು ಮುತ್ತಜ್ಜಿ ಆಗ್ತಿದೀಯ, ಇನ್ನಾದ್ರೂ ಅವ್ವನ ಹತ್ರ ಮಾತಾಡು” ಎಂದು ಹತ್ತು ನಿಮಿಷ ಪುಸಲಾಯಿಸಿದಳು. ಕೊನೆಗೆ ಪಂಚೆ ಸರಿಯಿತು. ಒಳಗಿದ್ದದ್ದು ತಂಗಿ ವಾಣಿ. ಮುಖದ ತುಂಬ ನೀರುಗುಳ್ಳೆ. ಗಂಟಲೊಳಗೂ ಎದ್ದಿದ್ದರಿಂದ ದನಿ ಸರಿಯಾಗಿ ಹೊರಡುತ್ತಿರಲಿಲ್ಲ.

ಶಾಂತಮ್ಮ ಒದ್ದೆ ಸೀರೆಯಲ್ಲಿ ಓಡಿ ಬಂದು ಎದೆ ಬಡಿದುಕೊಂಡಳು. ಅಷ್ಟರಲ್ಲಿ ಮಂಜಪ್ಪ ರವೆ ಉಂಡೆಯ ಡಬ್ಬಿ ಹಿಡಿದು, “ಎಲ್ಲಿ ನಮ್ಮ ಬೀಗ್ತಿ?” ಎಂದು ನಗುತ್ತ ಒಳಗೆ ಬಂದ.

“ನಮ್ಮೋರು ಫೋನಲ್ಲಿ ಹೇಳಿದ್ರಲ್ಲ ಅಣ್ಣಾರೇ, ಅಮ್ಮ ಬಂದಿದಾರೆ ಅಂತ!”

“ಅದಕ್ಕೇ ಅಲ್ವೇನ್ರಮ್ಮ ಕರ್ಕೊಂಡು ಬಂದಿದ್ದು!”

ವಾಣಿ ಸೆಕೆಂಡ್ ಪಿಯುಸಿ ಓದುತ್ತಿದ್ದಳು, ಪರೀಕ್ಷೆಗೆ ಕೆಲವೇ ವಾರ ಉಳಿದಿತ್ತು. ಕೀರಲು ದನಿಯಲ್ಲೇ ಹೇಳಿದಳು, “ಇದು ವೈರಸ್ಸು. ಬಸುರಿಯರಿಗೆ ತಗುಲಬಾರದು. ಮಾವ, ಅಕ್ಕನ್ನ ನಾಳೇನೇ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ.”

“ಬಾಯ್ಮುಚ್ಚೇ, ಅಮ್ಮನಿಗೆ ಇಂಗ್ಲಿಷ್ ಹೆಸರಿಡ್ಬೇಡ,” ಎಂದು ಶಾಂತಮ್ಮ ಮಗಳ ಪರವಾಗಿ ತಾನೇ ಕೆನ್ನೆ ಕೆನ್ನೆ ಬಡಿದುಕೊಂಡಳು. ಶೀಲಾ ಮಾತ್ರ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. ಅವಳಿಗೆ ನಿಜಕ್ಕೂ ಭಯವಾಗಿತ್ತು.

ಸೋಮವಾರ ಡಾಕ್ಟರ್ ಹೇಮಶ್ರೀ ಎಲ್ಲವನ್ನೂ ಕೇಳಿ, ನಗಬಾರದ ಜಾಗದಲ್ಲಿ ನಗು ತಡೆದುಕೊಂಡರು. ಆಮೇಲೆ ಗಂಭೀರವಾದರು.

“ಶೀಲಾ, ನಿಮಗೆ ಚಿಕ್ಕವರಿದ್ದಾಗ ಚಿಕನ್ ಪಾಕ್ಸ್ ಬಂದಿತ್ತಾ?”

“ನನಗೆ ಗೊತ್ತಿಲ್ಲ ಮೇಡಂ.”

“ಬಂದಿಲ್ಲ,” ಎಂದಳು ಶೇಷಮ್ಮ, ಸಾಕ್ಷಿ ಹೇಳುವವಳ ಹಾಗೆ ಮುಂದೆ ಬಂದು. “ಹೆಣ್ಣು ನೋಡೋಕೆ ಹೋದಾಗ ನಾನೇ ಕೇಳಿದೀನಿ. ಹುಬ್ಬಿನ ಮೇಲೆ ಒಂದು ಕುಳಿ ಐತಲ್ಲ, ಅಮ್ಮನ ಗುರುತಾ ಅಂದೆ. ಅವ್ರವ್ವ ದೇವರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದ್ರು. ನನ್ನ ಮಕ್ಕಳಿಗೆ ಅಮ್ಮ ಬಂದೇ ಇಲ್ಲ, ಅದು ಹುಂಜ ಕುಕ್ಕಿದ ಗುರುತು ಅಂತ.”

“ಹುಂಜಾನಾ?”

“ಹ್ಞೂಂ. ಚಿಕನ್ನೇನೋ ಕುಕ್ಕಿದೆ. ಪಾಕ್ಸ್ ಬಂದಿಲ್ಲ.”

ಡಾಕ್ಟರು ಶೀಲಾಳ ಎಡಹುಬ್ಬಿನ ಮೇಲಿನ ಆ ಪುಟ್ಟ ಕುಳಿಯನ್ನು ಟಾರ್ಚು ಹಾಕಿ ನೋಡಿದರು. ಆಮೇಲೆ ಬಿಡಿಸಿ ಹೇಳಿದರು. ಒಮ್ಮೆ ಬಂದು ಹೋಗಿದ್ದರೆ ಅದೇ ರಕ್ಷಣೆ, ಮಗುವಿಗೂ ಭಯವಿಲ್ಲ, ಮನೆಗೆ ಹೋಗಿ ಆರಾಮಾಗಿ ಇರಬಹುದು. ಬಂದಿಲ್ಲ ಅಂದರೆ ಈಗ ತಗುಲಬಹುದು. ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ, ನೂರಕ್ಕೆ ಒಂದೋ ಎರಡೋ ಮಗುವಿಗೆ ಕಣ್ಣು, ಕೈಕಾಲಿಗೆ ತೊಂದರೆ ಆಗುವುದುಂಟು. ತಾಯಿಗೂ ನ್ಯುಮೋನಿಯಾ ಆಗುವ ಭಯವಿದೆ. ಅದಕ್ಕೆ ಒಂದು ಇಂಜೆಕ್ಷನ್ ಇದೆ. ನಾಲ್ಕು ದಿನದ ಒಳಗೆ, ಅಂದರೆ ಗುರುವಾರದೊಳಗೆ ಕೊಡಬೇಕು. ಶಿವಮೊಗ್ಗದಲ್ಲಿ ಇಲ್ಲ, ಬೆಂಗಳೂರಿನಿಂದ ಬರಬೇಕು. ರಕ್ತ ಪರೀಕ್ಷೆಯಲ್ಲೂ ಗೊತ್ತಾಗುತ್ತದೆ, ಆದರೆ ವರದಿ ಬರಲು ಹತ್ತು ದಿನ.

“ರಕ್ತ ಈಗಲೇ ತಗೋತೀನಿ. ಇಂಜೆಕ್ಷನ್‌ಗೂ ಫೋನ್ ಮಾಡ್ತೀನಿ, ಸಿಗುತ್ತೆ ಅಂತ ಖಾತ್ರಿ ಕೊಡೋಕಾಗಲ್ಲ. ಶೀಲಾ, ನೀವು ಚಿಕ್ಕವರಿದ್ದಾಗ ತಾಯೀನ ಬಿಟ್ಟು ಬೇರೆ ಕಡೆ ಇದ್ರಾ?”

“ವಾಣಿ ಹುಟ್ಟಿದಾಗ ಅವ್ವ ಬಾಣಂತನಕ್ಕೆ ತರೀಕೆರೆಗೆ ಹೋಗಿದ್ರು. ಐದು ತಿಂಗಳು ನಾನು ಓಲ್ಡ್ ಟೌನಲ್ಲಿ ಅಮ್ಮನ ಹತ್ರ ಇದ್ದೆ. ಆಗ ನನಗೆ ಮೂರು ವರ್ಷ.”

“ಹಾಗಾದ್ರೆ ಅವರನ್ನ ಕೇಳಿ. ಇನ್ನೊಂದು ಮಾತು. ಮುಂದಿನ ವಾರದಿಂದ ಇಪ್ಪತ್ತೊಂದನೇ ದಿನದವರೆಗೆ ಜ್ವರ, ಗುಳ್ಳೆ, ಉಸಿರು ಕಟ್ಟೋದು ಏನೇ ಕಂಡ್ರೂ ತಕ್ಷಣ ಬನ್ನಿ. ಆದ್ರೆ ಈ ಹಾಲಲ್ಲಿ ಕೂರ್ಬೇಡಿ, ಹಿಂದಿನ ಬಾಗಿಲಿಗೆ ಬಂದು ಬೆಲ್ ಮಾಡಿ. ಇಲ್ಲಿ ಕೂತಿರೋರೆಲ್ಲ ಬಸುರಿಯರೇ.”

ಇಷ್ಟೆಲ್ಲದರಲ್ಲಿ ಶೇಷಮ್ಮನ ತಲೆಗೆ ಹೋಗಿದ್ದು ಇಪ್ಪತ್ತೊಂದು ದಿನ ಎಂಬ ಒಂದೇ ಮಾತು. ಮನೆಗೆ ಬಂದವಳೇ ಸಾಸಿವೆ ಡಬ್ಬಿ, ಒಣಮೆಣಸಿನಕಾಯಿ, ಎಣ್ಣೆ ಬಾಣಲೆ ಮೂರನ್ನೂ ಅಟ್ಟಕ್ಕೆ ಹಾಕಿದಳು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆಯ ಘಾಟು ಏಳಬಾರದು.

ಮಧ್ಯಾಹ್ನ ಊಟಕ್ಕೆ ಬಂದ ಯೋಗರಾಜ್ ತಟ್ಟೆಯಲ್ಲಿದ್ದ ಸಪ್ಪೆ ಬೇಳೆ ಕಟ್ಟನ್ನು ನೋಡಿ ಅವಾಕ್ಕಾದ. “ಏನಮ್ಮ ಇದು? ಅಮ್ಮ ಬಂದಿರೋದು ಭದ್ರಾವತಿಗೆ. ಶಿವಮೊಗ್ಗದಲ್ಲಿ ಯಾಕೆ ಒಗ್ಗರಣೆ ಇಲ್ಲ?”

“ಹನ್ನೆರಡು ಮೈಲಿ ಅವಳಿಗೆ ಯಾವ ಲೆಕ್ಕ? ದಾರೀಲಿದಾಳೆ ಅನ್ಕೋ.”

“ಬರಬೇಡ ಅಂತ ಡಾಕ್ಟ್ರು ಸೂಜಿ ಹುಡುಕ್ತಿದಾರೆ, ನೀನು ಬರೋಕೆ ಮುಂಚೆನೇ ಅಡುಗೆ ಮಾಡಿಟ್ಟಿದೀಯ.”

“ಎಲ್ಲಾ ನಿಮ್ಮಪ್ಪ ಮಾಡಿದ್ದು. ಬಸ್ಸಲ್ಲಿ ಯಾರು ಎಲ್ಲಿ ಇಳೀತಾರೆ ಅಂತ ನೆನಪಿರ್ತಿತ್ತಂತೆ. ಒಂದು ಫೋನು ಅರ್ಥ ಆಗಲ್ಲ!”

ಮಂಜಪ್ಪ ಸಪ್ಪೆ ಅನ್ನವನ್ನೇ ಕಲಸಿದ. ಬೇರೆ ದಿನವಾಗಿದ್ದರೆ ಉಪ್ಪಿಲ್ಲ ಖಾರ ಇಲ್ಲ ಎಂದು ಕೂಗಾಡುತ್ತಿದ್ದ. ಎದುರಿಗೆ ಶೀಲಾ ತಟ್ಟೆಯಲ್ಲಿ ಬೆರಳಾಡಿಸುತ್ತ ಕೂತಿದ್ದಳು, ಒಂದು ತುತ್ತೂ ಎತ್ತಿರಲಿಲ್ಲ.

“ಮಾವ,” ಎಂದಳು ಕೊನೆಗೆ, “ನೂರಕ್ಕೆ ಒಂದೋ ಎರಡೋ ಅಂದ್ರಲ್ಲ. ಆ ಒಂದು ನಂದೇ ಆದ್ರೆ?”

ಮಂಜಪ್ಪ ಕಲಸಿದ ತುತ್ತನ್ನು ತಟ್ಟೆಗೇ ಬಿಟ್ಟ. “ಆಗಲ್ಲ ಕಣಮ್ಮ. ನಾಳೆ ಬೆಳಿಗ್ಗೆ ಫಸ್ಟ್ ಬಸ್ಸಿಗೆ ನಾನೇ ಓಲ್ಡ್ ಟೌನಿಗೆ ಹೋಗ್ತೀನಿ,” ಎಂದ.

ಮಂಗಳವಾರ ಬೆಳಿಗ್ಗೆ ಈಶ್ವರಮ್ಮ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಬೀಗರು ಬಂದರೆಂದು ಸಡಗರದಿಂದ ಮೊಸರಿಗೆ ನೀರು ಬೆರೆಸಿ ಮಜ್ಜಿಗೆ ಮಾಡಿ ಕೊಟ್ಟಳು. ವಿಷಯ ಕೇಳಿದ ಮೇಲೆ ಸಡಗರ ಇಳಿಯಿತು.

“ನನ್ನ ಮನೇಲಾ? ಅಮ್ಮ ಗಿಮ್ಮ ಏನೂ ಬಂದಿಲ್ಲಪ್ಪ. ಹುಂಜ ಕುಕ್ತು, ಅಷ್ಟೇ.”

“ಚೆನ್ನಾಗಿ ನೆನಪು ಮಾಡ್ಕೊಳ್ಳಿ ಬೀಗ್ತಿ.”

“ನೆನಪೇನು ಮಾಡೋದು, ಕೆಂಚು ಹುಂಜ. ಶಾಂತಿ ತರೀಕೆರೆಯಿಂದ ಬಂದೋಳೇ ಅದನ್ನ ಕುಯ್ದು ಸಾರು ಮಾಡಿದ್ಲು. ಸುಳ್ಳಾದ್ರೆ ಅವಳನ್ನೇ ಕೇಳಿ.” ಈಶ್ವರಮ್ಮ ಹುಣಸೆ ಬೀಜವನ್ನು ಹಣ್ಣಿನ ಪಾತ್ರೆಗೂ ಹಣ್ಣನ್ನು ಬೀಜದ ಮೊರಕ್ಕೂ ಹಾಕತೊಡಗಿದ್ದಳು. ಮಂಜಪ್ಪ ಅದನ್ನು ಗಮನಿಸಲಿಲ್ಲ.

“ಸರಿ ಬಿಡಿ. ಇನ್ನು ಆ ಸೂಜಿ ಬೆಂಗಳೂರಿಂದ ಬಂದ್ರೆ ಬಂತು,” ಎಂದು ಎದ್ದ.

“ಬರ್ದಿದ್ರೆ?”

ಮಂಜಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡು ಹಾಗೇ ನಡೆದುಬಿಟ್ಟ.

ಸ್ಟಾಪಿನಲ್ಲಿ ಬಸ್ಸು ಹತ್ತಿ ಕೂತು, ಇನ್ನೇನು ಹೊರಡಬೇಕು ಎನ್ನುವಾಗ “ತಡೀರಪ್ಪೋ!” ಎಂಬ ಕೂಗು ಕೇಳಿತು. ಈಶ್ವರಮ್ಮ. ಕೈಯಲ್ಲೆಲ್ಲ ಹುಣಸೆ ನಾರು, ಕಾಲಲ್ಲಿ ಚಪ್ಪಲಿ ಇಲ್ಲ. ಏದುಸಿರು ಬಿಡುತ್ತ ಬಂದು ಮಂಜಪ್ಪನ ಪಕ್ಕದ ಸೀಟಿನಲ್ಲಿ ಕುಸಿದು ಕೂತಳು.

“ಕಾಗದನಗರಕ್ಕೆ ಒಂದು ಟಿಕೀಟು ತಗೊಳ್ಳಿ.”

“ಯಾಕೆ ಬೀಗ್ತಿ?”

“ಸೊಸೆ ಕೈಲಿ ಬೈಸ್ಕೋಬೇಕು.”

ಕಾಗದನಗರದ ಬಾಗಿಲಲ್ಲಿ ಈ ಸಲ ಬೇವಿನ ಸೊಪ್ಪನ್ನು ಆಡಿಗೆ ನಿಲುಕದಷ್ಟು ಎತ್ತರಕ್ಕೆ ಕಟ್ಟಲಾಗಿತ್ತು. ಈಶ್ವರಮ್ಮ ಹೊಸ್ತಿಲು ದಾಟದೆ ಅಂಗಳದಲ್ಲೇ ನಿಂತಳು. ಶಾಂತಮ್ಮ ಹೊರಗೆ ಬಂದು, ಎರಡು ವರ್ಷದ ಮೇಲೆ ಕಂಡ ಅತ್ತೆಯನ್ನು ನೋಡಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಸಿದ್ದಯ್ಯ, ಏನೋ ಆಗುತ್ತದೆ ಎಂದು ಹಲ್ಲುಜ್ಜುವುದನ್ನು ನಿಲ್ಲಿಸಿದ.

ಈಶ್ವರಮ್ಮ ನಿಂತಲ್ಲೇ ಹೇಳಿಬಿಟ್ಟಳು. “ಹುಂಜ ಕುಕ್ಲಿಲ್ಲ ಕಣೇ ಶಾಂತಿ. ಶೀಲಂಗೆ ಅಮ್ಮ ಬಂದಿದ್ಲು.”

ಆ ವರ್ಷ ಓಲ್ಡ್ ಟೌನಿನ ಬೀದಿಯಲ್ಲಿ ಅಮ್ಮ ಓಡಾಡುತ್ತಿದ್ದಳಂತೆ. ಮಗುವನ್ನು ಯಾರ ಮನೆಗೂ ಕಳಿಸಬೇಡಿ ಎಂದು ಶಾಂತಮ್ಮ ತರೀಕೆರೆಗೆ ಹೊರಡುವಾಗ ಹತ್ತು ಸಲ ಹೇಳಿದ್ದಳು. ಆದರೆ ಹಿಂದಿನ ಮನೆ ಚೌಡಮ್ಮನ ಮಗನಿಗೆ, ಅಮ್ಮ ಇಳಿಯುವಾಗ ಮೀಯಿಸುವ ಮೂರು ಬೇವಿನ ನೀರಿನಲ್ಲಿ ಎರಡನೇ ನೀರು ಹಾಕಿದ ದಿನ, ಅವಳು ಗಸಗಸೆ ಪಾಯಸ ಮಾಡಿದ್ದಳು. ಈಶ್ವರಮ್ಮನಿಗೆ ಗಸಗಸೆ ಪಾಯಸವೆಂದರೆ ಪ್ರಾಣ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ ಎರಡು ಲೋಟ ಕುಡಿದು ಬಂದಳು. ಹದಿನೈದನೇ ದಿನಕ್ಕೆ ಮಗುವಿಗೆ ಜ್ವರ ಬಂತು. ಸಿದ್ದಯ್ಯ ಆಗ ರಜೆ ಹಾಕಿ ತರೀಕೆರೆಯಲ್ಲಿದ್ದ, ಅವನು ಬರುವಷ್ಟರಲ್ಲಿ ಮೂರು ನೀರೂ ಆಗಿ ಹೋಗಿತ್ತು. ಹುಬ್ಬಿನ ಮೇಲೆ ಕೆರೆದುಕೊಂಡ ಒಂದು ಗುರುತು ಮಾತ್ರ ಉಳಿಯಿತು. ಅಂಗಳದಲ್ಲಿ ಹುಂಜ ಓಡಾಡುತ್ತಿತ್ತು, ಈಶ್ವರಮ್ಮನ ಬಾಯಿಗೆ ಅದೇ ಬಂತು.

ಶಾಂತಮ್ಮನ ಮುಖ ಕೆಂಪಾಯಿತು. ಬಾಯಿ ತೆರೆದಳು. ಅಷ್ಟರಲ್ಲಿ ಸಿದ್ದಯ್ಯ ಒಳಗಿನ ಕೋಣೆಯ ಕಡೆ ಕೈ ತೋರಿಸಿ, “ಅಮ್ಮ ಇದಾರೆ!” ಎಂದ. ಅಮ್ಮ ಇರುವ ಮನೆಯಲ್ಲಿ ದನಿ ಏರಿಸಬಾರದು, ಬೈಯಬಾರದು, ಮುಖ ಗಂಟಿಕ್ಕಲೂ ಬಾರದು. ಇದು ಶಾಂತಮ್ಮನೇ ಎಲ್ಲರಿಗೂ ಹೇಳಿಕೊಟ್ಟ ನಿಯಮ. ಹೀಗಾಗಿ ಹದಿನೆಂಟು ವರ್ಷದ ಸಿಟ್ಟನ್ನು ಅವಳು ಪಿಸುದನಿಯಲ್ಲಿ, ನಗುಮುಖದಲ್ಲಿ ಆಡಬೇಕಾಯಿತು.

“ಪಾಯಸಕ್ಕಾಗಿ ನನ್ನ ಮಗೂನ ಅಮ್ಮನ ಬಾಯಿಗೆ ಕೊಟ್ರಾ?” ಎಂದು ಪಿಸುಗುಟ್ಟಿದಳು, ಹಲ್ಲು ಕಿರಿದುಕೊಂಡು.

“ತಪ್ಪಾಯ್ತು ಕಣೇ,” ಎಂದು ಈಶ್ವರಮ್ಮನೂ ಪಿಸುಗುಟ್ಟಿದಳು.

“ಹೆಣ್ಣು ನೋಡೋಕೆ ಬಂದೋರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿದೀನಿ ನಾನು!”

“ನೀನು ಗೊತ್ತಿಲ್ದೆ ಮಾಡಿದ್ದು. ಪಾಪ ನನಗೆ.”

“ಆ ಹುಂಜ! ನನ್ನ ಮಗಳ ಕಣ್ಣು ಹೋಗ್ತಿತ್ತಲ್ಲ ಅಂತ ಸಿಟ್ಟಲ್ಲಿ ಈ ಕೈಯಾರೆ ಕುಯ್ದೆ. ಕುಯ್ಯುವಾಗ ಬಾಯಿಗೆ ಬಂದಂಗೆ ಬೈದಿದ್ದೆ ಬೇರೆ!”

“ನನ್ನ ಮುಂದೇನೇ ಬೈದೆ.”

ದೂರದಿಂದ ನೋ‌ಡುತ್ತಿದ್ದ ಪಕ್ಕದ ಕರಿಯಪ್ಪ, ಅತ್ತೆ ಸೊಸೆ ನಗುನಗುತ್ತ ಗುಟ್ಟು ಮಾತಾಡುವುದನ್ನು ಕಂಡು, ಅಂತೂ ರಾಜಿಯಾದರು ಎಂದು ಹೆಂಡತಿಗೆ ವರದಿ ಮಾಡಿದ.

ಮಂಜಪ್ಪ ಮಾತ್ರ ಹಿಗ್ಗಿಹೋಗಿದ್ದ. “ಜಗಳ ಆಮೇಲೆ ಇಟ್ಕೊಳ್ರಮ್ಮ. ಮೊದಲು ಡಾಕ್ಟ್ರ ಮುಂದೆ ಬಂದು ಇಷ್ಟನ್ನೂ ಹೇಳ್ಲಿ.”

ಬುಧವಾರ ಈಶ್ವರಮ್ಮ ನರ್ಸಿಂಗ್ ಹೋಮಿನ ಕುರ್ಚಿಯಲ್ಲಿ ಕಾಲು ಮಡಚಿ ಕೂತು ಹೇಳಿಕೆ ಕೊಟ್ಟಳು. ಗುಳ್ಳೆ ಮೊದಲು ಎಲ್ಲಿ ಎದ್ದಿತು ಎಂದು ಡಾಕ್ಟರು ಕೇಳಿದರು. “ಎದೆ ಬೆನ್ನಿಗೆ. ಆಮೇಲೆ ಮುಖಕ್ಕೆ. ನೀರಿನ ಹನಿ ಇಟ್ಟಂಗೆ. ಒಂದು ಒಣಗೋದು, ಪಕ್ಕದಲ್ಲಿ ಇನ್ನೊಂದು ಏಳೋದು. ಕೆರೀಬಾರ್ದು ಅಂತ ಕೈಗೆ ಅವಳಪ್ಪನ ಕಾಲುಚೀಲ ಕಟ್ಟಿದ್ದೆ. ಒಂದಿನ ಮಧ್ಯಾಹ್ನ ಕಣ್ಣು ಹತ್ತಿತು ನೋಡಿ, ಚೀಲ ಕಿತ್ತು ಇಲ್ಲಿ ಕೆರ್ಕೊಂಡ್ಬಿಟ್ಲು.” ಅವಳು ಶೀಲಾಳ ಹುಬ್ಬಿನ ಮೇಲೆ ಬೆರಳಿಟ್ಟಳು. ಆಮೇಲೆ ಅಲ್ಲಿಗೇ ನಿಲ್ಲದೆ ಅವಳ ಜಡೆ ಸರಿಸಿ, ಎಡಕಿವಿಯ ಹಿಂದೆ ಕೂದಲೊಳಗೆ ಇನ್ನೆರಡು ಕುಳಿ ತೋರಿಸಿದಳು. “ಹುಂಜ ಇಲ್ಲೆಲ್ಲಿ ಕುಕ್ಕುತ್ತೆ, ನೀವೇ ಹೇಳಿ.”

ಡಾಕ್ಟರು ಟಾರ್ಚು ಆರಿಸಿ ನಕ್ಕರು. “ಇದಕ್ಕಿಂತ ಚೆನ್ನಾಗಿ ನನ್ನ ಸ್ಟೂಡೆಂಟ್ಸೂ ಹೇಳಲ್ಲ ಅಜ್ಜಿ. ಇದು ಅದೇ. ಇಂಜೆಕ್ಷನ್ ಬೇಡ. ರಕ್ತದ ವರದಿ ಬಂದ್ಮೇಲೆ ಮುದ್ರೆ ಒತ್ತಿದಂಗಾಗುತ್ತೆ.”

ಶೀಲಾ ಅಜ್ಜಿಯ ಕೈ ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದಳು. “ನನಗೆ ಅಮ್ಮ ಬಂದಿದ್ದಕ್ಕೆ ಇಷ್ಟು ಖುಷಿ ಆಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ” ಎಂದು ಅಳುತ್ತಲೇ ನಕ್ಕಳು.

ಶೇಷಮ್ಮ ಮಾತ್ರ ಮೂಗು ಮುರಿದಳು. “ಹೆಣ್ಣು ನೋಡೋಕೆ ಹೋದಾಗ್ಲೇ ನಾನು ಹೇಳಿದ್ದೆ, ಅದು ಅಮ್ಮನ ಗುರುತು ಅಂತ. ನನ್ನ ಮಾತು ಯಾರು ಕೇಳ್ತಾರೆ?”

ಮುಂದಿನ ವಾರ ವರದಿ ಬಂತು. ಹಳೆಯ ಸೋಂಕಿನ ರಕ್ಷಣೆ ರಕ್ತದಲ್ಲಿ ಚೆನ್ನಾಗಿಯೇ ಇದೆ ಎಂದಿತ್ತು. ಯೋಗರಾಜ್ ಆ ಹಾಳೆಯನ್ನು ತಾಯಿಯ ಮುಂದೆ ಹಿಡಿದು ಸಾಸಿವೆ ಡಬ್ಬಿ ಕೆಳಗಿಳಿಸಲು ಅಟ್ಟ ಹತ್ತಿದ.

“ಇಳಿಯೋ ಕೆಳಗೆ. ಇಪ್ಪತ್ತೊಂದು ದಿನ ಆಗ್ಲಿ.”

“ಬರಲ್ಲ ಅಂತ ಬರೆದಿದಾರಲ್ಲಮ್ಮ!”

“ಬೆಂಗಳೂರೋರು ಬರೆದಿದ್ದನ್ನ ಅಮ್ಮ ಓದ್ಕೊಂಡು ಬರ್ತಾಳೇನೋ?”

ಯೋಗರಾಜ್ ಆಮೇಲೆ ಮಾಚೇನಹಳ್ಳಿಯ ಕ್ಯಾಂಟೀನಿನಲ್ಲೇ ಊಟ ಮುಗಿಸಿ ಬರತೊಡಗಿದ. ಮಂಜಪ್ಪ ಸಂಜೆ ವಾಕಿಂಗ್ ಎಂದು ಹೇಳಿ ಮೆಣಸಿನಕಾಯಿ ಬಜ್ಜಿ ತಿಂದು, ಬಾಯಿಗೆ ಏಲಕ್ಕಿ ಹಾಕಿಕೊಂಡು ಬರುತ್ತಿದ್ದ. ಶೇಷಮ್ಮ ಅವನ ಬಾಯಿ ಬಿಟ್ಟು ಅಂಗಿಯ ತೋಳು ಮೂಸಿ ಹಿಡಿದಳು. ಬೈಗುಳದ ನಡುವೆ ಶೀಲಾ, “ಮಾವ, ನಾಳೆ ನನಗೂ ಒಂದು ಕಟ್ಟಿಸ್ಕೊಂಡು ಬರ್ತೀರಾ?” ಎಂದು ಪಿಸುಗುಟ್ಟಿದಳು. ಆ ಮನೆಯಲ್ಲಿ ಮೊದಲ ಬಯಕೆ ತೀರಿದ್ದು ಹಿತ್ತಲ ಬಾಗಿಲಿನ ಸಂದಿಯಲ್ಲಿ.

ಇಪ್ಪತ್ತೆರಡನೇ ದಿನ ಬೆಳಿಗ್ಗೆ ಶೇಷಮ್ಮ ಬಾಣಲೆ ಇಟ್ಟು, ಮೂರು ವಾರದ ಬಾಕಿಯನ್ನೆಲ್ಲ ಒಂದೇ ಸಲ ತೀರಿಸುವಂತೆ ಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು ಸುರಿದು ಮಂಡಕ್ಕಿ ಒಗ್ಗರಣೆ ಮಾಡಿದಳು. ಘಾಟಿಗೆ ಎದುರುಮನೆ ಜಂಬಣ್ಣ ಫೋನಿನಲ್ಲಿ ಮಾತಾಡುತ್ತಿದ್ದವನು ಸೀನಿ ಸೀನಿ ಫೋನಿಟ್ಟ. ಶೀಲಾ ಎರಡು ತಟ್ಟೆ ತಿಂದಳು. ವಾಣಿ ಪರೀಕ್ಷೆಗೆ ಮೂರು ನೀರೂ ಹಾಕಿಸಿಕೊಂಡು, ಮುಖದ ಕಲೆಗೆ ಪೌಡರ್ ಬಳಿದುಕೊಂಡು ಹೋದಳು. ಬಯಾಲಜಿ ಚೆನ್ನಾಗಿ ಮಾಡಿದಳಂತೆ.

ಆದರೆ ಶಾಂತಮ್ಮನ ಪಿಸುದನಿಯ ಜಗಳ ಅಲ್ಲಿಗೇ ನಿಂತಿತ್ತು. ಅಮ್ಮ ಹೋದ ಮೇಲೂ ಅವಳು ಓಲ್ಡ್ ಟೌನಿಗೆ ಹೋಗಲಿಲ್ಲ. ಮಗುವಿನ ವಿಷಯಕ್ಕೆ ಕ್ಷಮಿಸಬಹುದು, ಬೀಗರೂಟದಲ್ಲಿ ಕೈ ಅಡ್ಡ ಹಿಡಿದಿದ್ದನ್ನು ಹೇಗೆ ಮರೆಯುವುದು ಎನ್ನುತ್ತಿದ್ದಳು.

ಆಗಸ್ಟಿನ ಒಂದು ಬೆಳಿಗ್ಗೆ ಜಂಬಣ್ಣನ ಮನೆಗೆ ಫೋನ್ ಬಂತು. ಶೀಲಾ ಹೆರಿಗೆಗೆ ತವರಿಗೆ ಹೋಗಿದ್ದಳು. ಮಂಜಪ್ಪ ಲುಂಗಿ ಹಿಡಿದುಕೊಂಡು ಓಡಿದ.

“ಬೀಗ್ರೇ,” ಎಂದ ಸಿದ್ದಯ್ಯ, ಗದ್ಗದ ದನಿಯಲ್ಲಿ, “ಮನೆಗೆ ಅಮ್ಮ ಬಂದ್ಲು!”

“ಬಿಡಿಸಿ ಹೇಳ್ರಿ ಮಾರಾಯ್ರೇ! ಯಾವ ಅಮ್ಮ?” ಎಂದು ಮಂಜಪ್ಪ ಕಿರುಚಿದ.

“ಹೆಣ್ಣು ಮಗು! ಮೂರು ಕೇಜಿ ಇನ್ನೂರು ಗ್ರಾಂ.”

“ಕಣ್ಣು?”

“ಬಿಟ್ಕೊಂಡು ನೋಡ್ತಾ ಇದೆ.”

“ಕೈ ಕಾಲು?”

“ಡಾಕ್ಟ್ರಮ್ಮಂಗೆ ಒದೀತು.”

ಮಂಜಪ್ಪ ಫೋನಿಟ್ಟು ಜಂಬಣ್ಣನ ಸೋಫಾದ ಮೇಲೆ ಕೂತು ಮಗುವಿನ ಹಾಗೆ ಅತ್ತ. ಐದು ತಿಂಗಳಿಂದ ಅವನು ಯಾರಿಗೂ ಹೇಳದೆ ಹೊತ್ತಿದ್ದ ಭಾರ ಅದು. ವರದಿ ಬಂದಿದ್ದರೂ, ಡಾಕ್ಟರು ಹೇಳಿದ್ದರೂ, ಅವನಿಗೆ ಒಂದು ದಿನವೂ ನೆಟ್ಟಗೆ ನಿದ್ದೆ ಬಂದಿರಲಿಲ್ಲ.

ಗಣಪತಿ ಬಿಟ್ಟ ಮೇಲಿನ ಭಾನುವಾರ, ಮೊಮ್ಮಗಳು ಹುಟ್ಟಿದ ಖುಷಿಗೆ, ಕಾಗದನಗರದ ಮನೆಯಲ್ಲಿ ಬಾಡೂಟ. ಶಿವಮೊಗ್ಗದವರೆಲ್ಲ ಬಂದಿದ್ದರು. ಈಶ್ವರಮ್ಮನನ್ನು ಸಿದ್ದಯ್ಯ ಹೋಗಿ ಕರೆತಂದಿದ್ದ. ಅವಳು ಊಟದ ಸಾಲಿನ ಕೊನೆಯಲ್ಲಿ, ಕರೆದರೋ ಇಲ್ಲವೋ ಎಂಬ ಹಾಗೆ ಕೂತಿದ್ದಳು. ಶಾಂತಮ್ಮ ಸೌಟು ಹಿಡಿದು ಕೋಳಿ ಸಾರು ಸಾಲಾಗಿ ಬಡಿಸುತ್ತ ಬಂದಳು. ಈಶ್ವರಮ್ಮನ ಎಲೆಯ ಹತ್ತಿರ ಬಂದಾಗ ಮುದುಕಿಯ ಕೈ ತಾನಾಗಿ ಮೇಲೆದ್ದು ಎಲೆಗೆ ಅಡ್ಡ ಬಂತು.

ಶೇಷಮ್ಮ ಮೂಳೆ ಚೀಪುವುದನ್ನು ಬಿಟ್ಟಳು.

“ಈಗಲೂ ಬ್ಯಾಡ್ವಾ?” ಎಂದಳು ಶಾಂತಮ್ಮ.

“ನಿನ್ನ ಕೈ ಊಟ ಬ್ಯಾಡ ಅಂತಲ್ಲ ಕಣೇ,” ಎಂದಳು ಈಶ್ವರಮ್ಮ, ಎಲೆಯನ್ನೇ ನೋಡುತ್ತ. “ಆ ಹುಂಜನ ಸಾರು ಆವತ್ತು ನೀನು ನನಗೆ ಬಡಿಸಿದ್ಯಲ್ಲ, ಅದೇ ಕೊನೆ. ಅದು ಗಂಟಲಲ್ಲಿ ಇಳೀಲಿಲ್ಲ. ಆಮೇಲೆ ಕೋಳಿ ಮುಟ್ಟಿಲ್ಲ ನಾನು. ಏನೂ ಮಾಡ್ದೇ ಇರೋದರ ಮೇಲೆ ಸುಳ್ಳು ಹೇಳಿದ್ನಲ್ಲ.”

ಶಾಂತಮ್ಮ ಸೌಟನ್ನು ಪಾತ್ರೆಗೆ ಇಳಿಸಿದಳು. ಹದಿನೆಂಟು ವರ್ಷದಲ್ಲಿ ಅತ್ತೆ ಹೇಳಿದ ಇವತ್ತು ಸೋಮವಾರ, ಇವತ್ತು ಹೊಟ್ಟೆ ಸರಿಯಿಲ್ಲ, ಇವತ್ತು ಹಲ್ಲು ನೋವು ಎಂಬ ನೆಪಗಳೆಲ್ಲ ಒಂದೊಂದಾಗಿ ಅವಳಿಗೆ ನೆನಪಾದವು. ಬೀಗರೂಟದ ದಿನ ಆ ಕೈ ಹೀಗೆಯೇ ತಾನಾಗಿ ಎದ್ದಿತ್ತು, ತಾನು ಸಿಟ್ಟಲ್ಲಿ ನೋಡಿರಲಿಲ್ಲ.

ಪಕ್ಕದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಶೀಲಾ, “ನೀನು ಪಾಯಸ ಕುಡೀದೇ ಇದ್ದಿದ್ರೆ ಇವತ್ತು ನಾನು ಹೀಗೆ ಕೂತಿರ್ತಿದ್ನೋ ಇಲ್ವೋ. ತಿನ್ನಮ್ಮ,” ಎಂದಳು.

ಶಾಂತಮ್ಮ ಕುಕ್ಕರುಗಾಲಲ್ಲಿ ಕೂತು, ಅತ್ತೆಯ ಕೈಯನ್ನು ಎಲೆಯಿಂದ ಮೆಲ್ಲಗೆ ಸರಿಸಿ, ಮೆತ್ತಗಿನ ಒಂದು ತುಂಡನ್ನು ಮೂಳೆ ಬಿಡಿಸಿ ಇಟ್ಟಳು. “ಇದರ ಮೇಲೆ ಯಾರೂ ಯಾವ ಸುಳ್ಳೂ ಹೇಳಿಲ್ಲ. ತಿನ್ನಿ.”

ಈಶ್ವರಮ್ಮ ತುಂಡನ್ನು ಬಾಯಿಗಿಟ್ಟು, ಹಲ್ಲಿಲ್ಲದ ಒಸಡಿನಲ್ಲಿ ತುಂಬ ಹೊತ್ತು ಅಗಿದಳು. ಇಡೀ ಸಾಲು ಅವಳ ಬಾಯನ್ನೇ ನೋಡುತ್ತಿತ್ತು. ನುಂಗಿ, ಕಣ್ಣೊರೆಸಿಕೊಂಡು, ಸೊಸೆಯ ಕಡೆ ತಿರುಗಿದಳು.

“ಉಪ್ಪು ಒಂಚೂರು ಕಮ್ಮಿ ಆಗೈತೆ ಕಣೇ.”

ಮನೆಯಲ್ಲಿ ಈಗ ದನಿ ಏರಿಸಬಾರದ ಅಮ್ಮ ಯಾರೂ ಇರಲಿಲ್ಲ. “ಹದಿನೆಂಟು ವರ್ಷ ಆದ್ಮೇಲೆ ಬಾಯಿಗಿಟ್ಕೊಂಡು ಉಪ್ಪಿನ ಮಾತಾಡ್ತೀರಾ!” ಎಂದು ಶಾಂತಮ್ಮ ಬೀದಿಗೆಲ್ಲ ಕೇಳುವಂತೆ ಕೂಗಿದಳು, ಕೂಗುತ್ತಲೇ ಇನ್ನೊಂದು ತುಂಡು ಬಡಿಸಿದಳು.